ನೋಡುವ ಹಕ್ಕು

2023ರ ಬೇಸಿಗೆಯಲ್ಲಿ ನಾವು ದಂಪತಿಗಳು ಅಲಾಸ್ಕಾಕ್ಕೆ ಹೋಗಿಬಂದ ಸುದ್ದಿ ಸಂಘದಲ್ಲಿ ಹೇಗೋ ಹರಡಿತು. ಸಂಪಾದಕ ಮಿತ್ರರು ಅಂದಿನಿಂದ ನಮ್ಮ ಬೆನ್ನು ಬಿಟ್ಟಿಲ್ಲ. ಒಂದು ಪ್ರವಾಸ ಲೇಖನ ಬರೆದುಕೊಡಿ, ತಿಂಗಳ ಕೂಟದಲ್ಲಿ ಚಿತ್ರಗಳನ್ನೂ ತೋರಿಸಿ ಎಂಬುದು ಅವರ ಒತ್ತಾಯ. ಪ್ರವಾಸ ಲೇಖನವೆಂದರೆ ವಿಮಾನ ಎಷ್ಟು ಗಂಟೆಗೆ ಇಳಿಯಿತು, ಸಸ್ಯಾಹಾರಕ್ಕೆ ಎಷ್ಟು ಪರದಾಡಿದೆವು, ಎಂತಹ ಮನೋಹರ ದೃಶ್ಯಗಳನ್ನು ಕಂಡು ಧನ್ಯರಾದೆವು ಎಂದು ಬರೆಯಬೇಕಷ್ಟೆ. ಎರಡು ಸಲ ಬರೆಯಲು ಕುಳಿತೆವು. ಎರಡು ಸಲವೂ ‘ಧನ್ಯರಾದೆವು’ ಎಂಬಲ್ಲಿಗೆ ಬಂದಾಗ ಲೇಖನಿ ನಿಂತುಬಿಟ್ಟಿತು. ಯಾಕೆ ನಿಂತಿತು ಎಂಬುದನ್ನೇ ಬರೆಯುವುದು ಮೇಲೆನಿಸಿ ಇದನ್ನು ಬರೆಯುತ್ತಿದ್ದೇವೆ.

ಕೇಂದ್ರ ಸರ್ಕಾರದ ಗುಮಾಸ್ತನೊಬ್ಬ ಅಲಾಸ್ಕಾಕ್ಕೆ ಹೋದದ್ದು ಹೇಗೆಂದು ಓದುಗರಿಗೆ ಅನುಮಾನ ಬರುವುದು ಸಹಜ. ನಮ್ಮ ಅಕ್ಕನ ಮಗ ಸಿಯಾಟಲ್‌ನಲ್ಲಿ ಕೆಲಸದಲ್ಲಿದ್ದಾನೆ. ದೆಹಲಿಯಲ್ಲಿ ಇಂಜಿನಿಯರಿಂಗ್ ಓದುವಾಗ ನಾಲ್ಕು ವರ್ಷ ನಮ್ಮ ಕ್ವಾರ್ಟರ್ಸಿನಲ್ಲಿಯೇ ಇದ್ದವನು. ಮಾವ, ಅತ್ತೆ ಎಂದರೆ ಅವನಿಗೆ ಪ್ರಾಣ. ಟಿಕೇಟು, ದೋಣಿಯ ಖರ್ಚು ಎಲ್ಲವನ್ನೂ ತಾನೇ ಹೊತ್ತ. ನಮ್ಮ ಪಾಲಿಗೆ ಉಳಿದದ್ದು ಇಲಾಖೆಯ ಅನುಮತಿ ಪಡೆಯುವ ಕೆಲಸ. ವಿದೇಶಕ್ಕೆ ಖಾಸಗಿಯಾಗಿ ಹೋಗುವ ನೌಕರ ತುಂಬಬೇಕಾದ ನಮೂನೆಯಲ್ಲಿ ‘ಪ್ರವಾಸದ ಉದ್ದೇಶ’ ಎಂಬ ಒಂದು ಕಲಂ ಇರುತ್ತದೆ. ‘ಸಂಬಂಧಿಕರ ಭೇಟಿ’ ಎಂದು ಬರೆದು ಸಹಿ ಹಾಕಿದೆವು. ಅದು ಸುಳ್ಳಲ್ಲ. ಆದರೆ ಅದೊಂದೇ ಉದ್ದೇಶವೂ ಆಗಿರಲಿಲ್ಲ. ಬಿ.ಎಸ್ಸಿ. ಓದಿ ಇಪ್ಪತ್ತೈದು ವರ್ಷ ಕಡತ ಕಟ್ಟಿದವನಿಗೆ ಒಂದು ಹಿಮನದಿಯನ್ನು ಕಣ್ಣಾರೆ ನೋಡಬೇಕೆಂಬ ಹಂಬಲ ಒಳಗೆಲ್ಲೋ ಉಳಿದುಕೊಂಡಿತ್ತು. ಕರಗಿಹೋಗುವ ಮೊದಲು ನೋಡಿಬಿಡಬೇಕು ಎಂದೂ ಅನ್ನಿಸಿತ್ತು, ಅದನ್ನು ಮುಚ್ಚಿಡುವುದಿಲ್ಲ.

ನಾವು ಹೋದದ್ದು ಅಲಾಸ್ಕಾದ ಆಗ್ನೇಯ ಭಾಗದಲ್ಲಿರುವ ಗ್ಲೇಸಿಯರ್ ಬೇ ಎಂಬ ಕೊಲ್ಲಿಗೆ. ಅದರ ಕಥೆ ಸೋಜಿಗದ್ದು. 1794ರಲ್ಲಿ ಕ್ಯಾಪ್ಟನ್ ವ್ಯಾಂಕೂವರನ ಹಡಗಿನವರು ಆ ಕರಾವಳಿಯನ್ನು ಅಳೆದಾಗ ಅಲ್ಲಿ ಕೊಲ್ಲಿ ಎಂಬುದೇ ಇರಲಿಲ್ಲ ಎನ್ನಬೇಕು. ಕಂಡದ್ದು ದೊಡ್ಡದೊಂದು ಹಿಮದ ಗೋಡೆ, ಅದರ ಮುಂದೆ ನೆಲದಲ್ಲಿ ಸಣ್ಣದೊಂದು ತಗ್ಗು. 1879ರಲ್ಲಿ ಜಾನ್ ಮ್ಯೂರ್ ಹುಟ್ಟುಹಾಕುವ ದೋಣಿಯಲ್ಲಿ ಬಂದಾಗ ಆ ಹಿಮ 30 ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. 1916ರ ಹೊತ್ತಿಗೆ 60 ಮೈಲಿಗೂ ಹೆಚ್ಚು. ಹೀಗೆ ಹಿಮ ಬಿಟ್ಟುಕೊಟ್ಟ ಜಾಗಕ್ಕೆ ಸಮುದ್ರ ಬಂದು, ಬೋಳು ಕಲ್ಲಿನ ಮೇಲೆ ಮೊದಲು ಪಾಚಿ, ಆಮೇಲೆ ಗಿಡ, ಆಮೇಲೆ ಕಾಡು ಬೆಳೆದು, ಈಗ ಕೊಲ್ಲಿಯ ಬಾಯಲ್ಲಿ ದಟ್ಟವಾದ ಸ್ಪ್ರೂಸ್ ಮರಗಳಿವೆ. ಒಳಗೆ ಹೋದಂತೆ ಮರಗಳು ಕಡಿಮೆಯಾಗುತ್ತ, ಕೊನೆಗೆ ಬರಿಯ ಕಲ್ಲು ಮತ್ತು ಹಿಮ. ಒಂದೇ ದಿನದ ದೋಣಿ ಪಯಣದಲ್ಲಿ ಇನ್ನೂರು ವರ್ಷ ಹಿಂದಕ್ಕೆ ಹೋದಂತಾಗುತ್ತದೆ.

ಹಿಮನದಿಯ ಮುಂದೆ ನಿಂತ ಅನುಭವವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇವೆ. ಅದರ ಬಣ್ಣ ನೀಲಿ. ನೂರಾರು ವರ್ಷಗಳ ಒತ್ತಡದಲ್ಲಿ ಗಾಳಿಗುಳ್ಳೆಗಳು ಹಿಂಡಿಹೋದ ಗಟ್ಟಿ ಹಿಮ ಬೆಳಕಿನ ಕೆಂಪು ಭಾಗವನ್ನು ಹೀರಿಕೊಂಡು ನೀಲಿಯನ್ನು ಹೊರಗೆ ಬಿಡುತ್ತದೆ. ನೀರಿನ ಮೇಲೆ ತೇಲುವ ಚೂರುಗಳಿಂದ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಸದ್ದು ಬರುತ್ತಿರುತ್ತದೆ. ಎಂದೋ ಸಿಕ್ಕಿಬಿದ್ದ ಗಾಳಿ ಈಗ ಬಿಡುಗಡೆಯಾಗುವ ಸದ್ದು ಅದು. ಆಗಾಗ ಮನೆಯಷ್ಟು ದೊಡ್ಡ ತುಂಡು ಕಳಚಿ ಬೀಳುತ್ತದೆ. ಕಣ್ಣಿಗೆ ಮೊದಲು ಕಾಣುತ್ತದೆ, ಗುಡುಗು ಆಮೇಲೆ ಕೇಳುತ್ತದೆ. ಆ ನಾಡಿನ ಮೂಲನಿವಾಸಿಗಳು ಇದನ್ನು ‘ಬಿಳಿ ಗುಡುಗು’ ಎನ್ನುತ್ತಾರಂತೆ.

ನಮ್ಮದು ಹತ್ತು ಹನ್ನೆರಡು ಮಂದಿಯ ಸಣ್ಣ ದೋಣಿ. ರಾತ್ರಿ ಅದರಲ್ಲಿಯೇ ಮಲಗುವುದು, ಹಗಲು ಕಯಾಕ್‌ಗಳನ್ನು ನೀರಿಗಿಳಿಸಿ ದಡದ ಉದ್ದಕ್ಕೂ ಹುಟ್ಟು ಹಾಕುತ್ತ ಹೋಗುವುದು. ಕಯಾಕ್ ಎಂದರೆ ಮಲ್ಲಿಗೆಯ ಮೊಗ್ಗಿನಂತೆ ಎರಡೂ ತುದಿ ಚೂಪಾದ, ಸೊಂಟದವರೆಗೆ ಒಳಗೆ ತೂರಿಕೊಂಡು ಕೂರುವ ಹಗುರ ದೋಣಿ. ಇಬ್ಬರು ಕೂರುವಂಥದು ನಮಗೆ ಸಿಕ್ಕಿತು. ಮುಂದೆ ನಮ್ಮ ಮನೆಯವರು, ಹಿಂದೆ ನಾವು. ಮೊದಲ ದಿನ ಗೈಡ್ ಹೇಳಿಕೊಟ್ಟ ಪಾಠದಲ್ಲಿ ಒಂದು ಮಾತು ಮನಸ್ಸಿಗೆ ನಾಟಿತು. ದಡದಲ್ಲಿ ನಡೆಯುವಾಗ ಜೋರಾಗಿ ಮಾತನಾಡುತ್ತ, ಬೇಕಾದರೆ ಹಾಡು ಹೇಳುತ್ತ ಹೋಗಬೇಕು. ಅಲ್ಲಿ ಕರಡಿಗಳಿವೆ, ಅವಕ್ಕೆ ನಾವು ಬರುತ್ತಿರುವುದು ಮೊದಲೇ ಗೊತ್ತಾಗಬೇಕು. ತಿಮಿಂಗಿಲ ಹತ್ತಿರದಲ್ಲಿ ಎದ್ದರೆ ದೋಣಿಯ ಮೈಯನ್ನು ಕೈಯಿಂದ ತಟ್ಟಬೇಕು. ಸೀಲುಗಳ ವಿಷಯ ಬೇರೆ. ಹಿಮಗಡ್ಡೆಯ ಮೇಲೆ ಮಲಗಿರುವ ಸೀಲುಗಳಿಂದ ಕಾಲು ಮೈಲಿ ದೂರವೇ ಇರಬೇಕು, ತಾನು ಹುಟ್ಟನ್ನು ತಲೆಯ ಮೇಲೆ ಅಡ್ಡ ಹಿಡಿದರೆ ಎಲ್ಲರೂ ನಿಲ್ಲಬೇಕು ಎಂದ.

ಮೂರನೆಯ ದಿನ ನಡೆದದ್ದು ಇದು. ಜುಲೈ ಮೊದಲ ವಾರ. ಗಾಳಿಯಿಲ್ಲ, ನೀರು ಕನ್ನಡಿ. ಹಿಮಗಡ್ಡೆಗಳ ನಡುವೆ ನಿಧಾನವಾಗಿ ಹೋಗುತ್ತಿದ್ದೆವು. ಬಲಗಡೆ ದೂರದಲ್ಲಿ ಗೈಡ್ ಹುಟ್ಟನ್ನು ಅಡ್ಡ ಎತ್ತಿ ಹಿಡಿದ. ನಮಗದು ಕಂಡಿತು. ಕಾಣಲಿಲ್ಲ ಎಂದು ದೋಣಿಗೆ ಮರಳಿದ ಮೇಲೆ ಹೇಳಿದೆವು, ಆದರೆ ಕಂಡಿತ್ತು. ಮುಂದೊಂದು ಹಿಮಗಡ್ಡೆ, ಅದರ ಆಚೆ ಏನೋ ಇದೆ ಎಂಬುದು ಸನ್ನೆಯಿಂದಲೇ ತಿಳಿಯಿತು. ಇನ್ನು ನಾಲ್ಕು ಮಾರು ಹೋದರೆ ಕಾಣುತ್ತದೆ ಎನ್ನಿಸಿತು. ಸದ್ದು ಮಾಡದೆ ಹೋದರೆ ಯಾರಿಗೇನು ತೊಂದರೆ? ಎರಡು ಸಲ ಮೆತ್ತಗೆ ಹುಟ್ಟು ಹಾಕಿದೆವು. ಉಳಿದದ್ದನ್ನು ನೀರಿನ ಸೆಳೆತವೇ ಮಾಡಿತು.

ಮರೆ ಸರಿದಾಗ ಒಂದು ತಾಯಿ ಸೀಲು, ಅದರ ಹೊಟ್ಟೆಗೆ ಒತ್ತಿಕೊಂಡು ಮರಿ. ಬಹಳವಾದರೆ ಮೂವತ್ತು ಗಜ. ತಾಯಿ ತಲೆ ಎತ್ತಿ ನಮ್ಮನ್ನು ನೋಡಿತು. ಅದರ ಕಣ್ಣು ದೊಡ್ಡದು, ಕಪ್ಪು, ಒದ್ದೆ. ಒಂದೆರಡು ಕ್ಷಣ ಅಷ್ಟೆ. ಆಮೇಲೆ ಹಿಮದಿಂದ ಜಾರಿ ನೀರಿಗಿಳಿಯಿತು. ಮರಿ ಅತ್ತ ಇತ್ತ ಹೊರಳಿ ಇನ್ನೊಂದು ಕಡೆಯಿಂದ ಬಿತ್ತು. ಖಾಲಿ ಹಿಮಗಡ್ಡೆ ಮಾತ್ರ ಅಲ್ಲಾಡುತ್ತಿತ್ತು. ನಮ್ಮ ಹಿಂದಿನ ಕಯಾಕ್‌ನಲ್ಲಿ ನಮ್ಮನ್ನೇ ಹಿಂಬಾಲಿಸಿ ಬಂದಿದ್ದ ಹುಡುಗ ಆ ಎರಡು ಕ್ಷಣದಲ್ಲಿ ಒಂದು ಚಿತ್ರ ತೆಗೆದಿದ್ದ.

ಮನೆಯವರು ಹಿಂತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಬಾಣಂತಿ ಕೋಣೆಗೆ ಹೇಳದೆ ಕೇಳದೆ ನುಗ್ಗಿದ ಹಾಗಾಯ್ತಲ್ಲ ರೀ” ಎಂದರು.

ಅವರ ತೌರು ಸಾಗರದ ಕಡೆ. ಅಲ್ಲಿನ ಹಳೆಯ ಮನೆಗಳಲ್ಲಿ ಗಂಡಸರು ನಡುಮನೆ ದಾಟಿ ಒಳಗೆ ಬರುವಾಗ ಒಮ್ಮೆ ಕೆಮ್ಮುತ್ತಿದ್ದರು. ಒಳಗಿದ್ದ ಹೆಂಗಸರು ಸೆರಗು ಸರಿಮಾಡಿಕೊಳ್ಳಲಿ, ಮಗುವಿಗೆ ಹಾಲೂಡುತ್ತಿದ್ದರೆ ಅತ್ತ ತಿರುಗಲಿ ಎಂಬುದಕ್ಕೆ ಆ ಕೆಮ್ಮು. ಬಾಣಂತಿ ಕೋಣೆಗಂತೂ ಕೆಮ್ಮಿದರೂ ಪ್ರವೇಶವಿಲ್ಲ. ಮಗುವನ್ನು ನೋಡಬೇಕೆನ್ನುವವರಿಗೆ ಅಜ್ಜಿ ಹೊರಗೆ ತಂದು ತೋರಿಸುವವರೆಗೆ ಕಾಯುವುದೇ ದಾರಿ. ಸದ್ದಿಲ್ಲದೆ ಬರುವುದು ಸಭ್ಯತೆ ಎಂದು ನಾವು ದೆಹಲಿಯ ಕಚೇರಿಗಳಲ್ಲಿ ಕಲಿತಿದ್ದೆವು. ಸದ್ದಿಲ್ಲದೆ ಬರುವವನು ಕಳ್ಳ ಎಂಬುದು ಅವರ ಮನೆಯ ಪಾಠ.

ಶಾಸ್ತ್ರವೂ ಅವರ ಪರವಾಗಿಯೇ ಇದೆ. ಯಂತ್ರದ ದೋಣಿಯ ಸದ್ದು ಸೀಲಿಗೆ ದೂರದಿಂದಲೇ ಕೇಳುತ್ತದೆ, ಅದಕ್ಕೆ ಯೋಚಿಸಲು ಸಮಯವಿರುತ್ತದೆ. ತಗ್ಗಾಗಿ, ಉದ್ದವಾಗಿ, ಮೌನವಾಗಿ ನೀರಿನ ಮೇಲೆ ಸರಿದು ಬರುವುದು ಬೇಟೆಯಾಡುವ ಪ್ರಾಣಿಯ ರೀತಿ. ಕಯಾಕ್ ಮೂಲದಲ್ಲಿ ಉತ್ತರ ಧ್ರುವ ಪ್ರದೇಶದ ಜನ ಸೀಲು ಬೇಟೆಗೆಂದೇ ಕಟ್ಟಿಕೊಂಡ ದೋಣಿ ಎಂಬುದನ್ನು ನೆನೆದರೆ, ತಾಯಿ ಸೀಲು ನಮ್ಮನ್ನು ತಪ್ಪು ತಿಳಿಯಿತು ಎನ್ನುವಂತಿಲ್ಲ. ಮರಿಗೆ ಹುಟ್ಟಿದ ದಿನವೇ ಈಜು ಬರುತ್ತದೆ, ನಿಜ. ಆದರೆ ಅದರ ಮೈಯಲ್ಲಿ ಕೊಬ್ಬು ತುಂಬುವುದು ತಾಯಿ ಸುಮಾರು ಒಂದು ತಿಂಗಳು ಊಡುವ ದಪ್ಪ ಹಾಲಿನಿಂದ. ಆ ದಿನಗಳಲ್ಲಿ ಕೊರೆಯುವ ನೀರಿಗೆ ಬಿದ್ದಷ್ಟೂ ಸಲ, ಕುಡಿದ ಹಾಲು ಮೈ ಬೆಚ್ಚಗಿಡುವುದಕ್ಕೇ ಖರ್ಚಾಗುತ್ತದೆ. ಅದಕ್ಕಾಗಿಯೇ ಅಲ್ಲಿನ ಜಾನ್ಸ್ ಹಾಪ್ಕಿನ್ಸ್ ಎಂಬ ಕವಲನ್ನು ಮೇ, ಜೂನ್ ಎರಡು ತಿಂಗಳು ಎಲ್ಲ ದೋಣಿಗಳಿಗೂ ಮುಚ್ಚುತ್ತಾರೆ. 1990ರ ದಶಕದಿಂದೀಚೆಗೆ ಕೊಲ್ಲಿಯಲ್ಲಿ ಸೀಲುಗಳ ಸಂಖ್ಯೆ ಬಹಳ ಇಳಿದಿದೆ. ಕಾರಣ ಒಂದೇ ಅಲ್ಲ, ಕಯಾಕ್‌ಗಳಂತೂ ಮುಖ್ಯ ಕಾರಣವಲ್ಲ. ಆದರೆ ಇಳಿಯುತ್ತಿರುವ ಲೆಕ್ಕದಲ್ಲಿ ಸಣ್ಣ ಕಳೆಯುವಿಕೆಗೂ ಬೆಲೆಯಿದೆ ಎಂಬುದು ಗುಮಾಸ್ತನಿಗೆ ಗೊತ್ತಿಲ್ಲದ್ದಲ್ಲ.

ನಮ್ಮ ಉದ್ದೇಶ ಕೆಟ್ಟದ್ದಾಗಿರಲಿಲ್ಲ ಎಂದು ಆ ರಾತ್ರಿ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಲು ನೋಡಿದೆವು. ಆಗ ನೆನಪಾದದ್ದು ಕಡಲಲ್ಲ, ಒಂದು ಕಡತ. ಬಹಳ ವರ್ಷಗಳ ಹಿಂದೆ, ನಾವು ಪಿಂಚಣಿಯ ಮೇಜಿನಲ್ಲಿದ್ದಾಗ, ತೀರಿಹೋದ ನೌಕರರೊಬ್ಬರ ಹೆಂಡತಿಯ ಕುಟುಂಬ ಪಿಂಚಣಿಯ ಕಡತ ಬಂತು. ಎರಡು ಕಾಗದಗಳಲ್ಲಿ ಹೆಸರಿನ ಅಕ್ಷರ ಬೇರೆಬೇರೆ. ಆಕೆಗೆ ಮುಂದೆ ಎಂದೂ ತೊಡಕಾಗಬಾರದು, ಸಾವಕಾಶವಾಗಿ ಎಲ್ಲವನ್ನೂ ಸರಿಪಡಿಸಿಯೇ ಕಳುಹಿಸೋಣ ಎಂದು ಅದನ್ನು ಬದಿಗೆ ತೆಗೆದಿಟ್ಟೆವು. ಒಳ್ಳೆಯ ಮನಸ್ಸಿನಿಂದಲೇ ಇಟ್ಟದ್ದು. ಮೂರು ತಿಂಗಳಾದ ಮೇಲೆ ಆಕೆ ಬಂದು ಕೌಂಟರಿನ ಆಚೆ ನಿಂತರು. ಬಾಡಿಗೆ ಕೊಡಲಾಗದೆ ಮನೆ ಬಿಟ್ಟಿದ್ದರು. ಬೈಯಲಿಲ್ಲ. “ನೀವು ನನಗೋಸ್ಕರವೇ ಇಟ್ಟುಕೊಂಡಿದ್ದಿರಂತೆ” ಎಂದಷ್ಟೇ ಹಿಂದಿಯಲ್ಲಿ ಹೇಳಿದರು. ಸದ್ಭಾವನೆಯಿಂದ ಆದ ತಪ್ಪಿಗೆ ಸರ್ಕಾರಿ ನಿಯಮದಲ್ಲಿ ದಂಡನೆ ಕಡಿಮೆ. ಅದು ಮಾಡಿದವನ ಲೆಕ್ಕ. ಅನುಭವಿಸಿದವರ ಲೆಕ್ಕದಲ್ಲಿ ನಮ್ಮ ಸದ್ಭಾವನೆಗೆ ಯಾವ ಕಲಮೂ ಇರಲಿಲ್ಲ.

ಜೈನ ಮುನಿಗಳಿಗೆ ಈರ್ಯಾ ಸಮಿತಿ ಎಂದೊಂದು ನಿಯಮವಿದೆ. ನಡೆಯುವಾಗ ಮುಂದಿನ ನೆಲವನ್ನು ನೋಡಿಕೊಂಡು, ಜೀವಿಗಳಿಗೆ ನೋವಾಗದಂತೆ ಹೆಜ್ಜೆಯಿಡಬೇಕು. ಹುಡುಗನಾಗಿದ್ದಾಗ ಇದು ಅತಿಯಾಯಿತು ಅನ್ನಿಸುತ್ತಿತ್ತು. ಈಗ ಅದರ ಸೂಕ್ಷ್ಮ ಸ್ವಲ್ಪ ತಿಳಿಯುತ್ತದೆ. ‘ನನಗೆ ಕೊಲ್ಲುವ ಮನಸ್ಸಿರಲಿಲ್ಲ’ ಎನ್ನುವುದು ಅಲ್ಲಿ ಸಾಲದು. ಕಾಲಿಡುವ ಮೊದಲೇ ನೋಡಬೇಕಿತ್ತು. ಕರುಣೆ ಎದೆಯಲ್ಲಿ ಮಾತ್ರ ಇದ್ದರಾಗದು, ಅಂಗಾಲಿಗೂ ಇಳಿಯಬೇಕು ಎಂಬುದು ಅದರ ಒತ್ತಾಯ.

ನಮ್ಮ ಹುಡುಗ ಇದನ್ನು ಒಪ್ಪಲಿಲ್ಲ. ರಾತ್ರಿ ಹತ್ತಾದರೂ ಬೆಳಕಿರುವ ಆ ದೋಣಿಯ ಅಟ್ಟದ ಮೇಲೆ ಕುಳಿತು ವಾದಿಸಿದ. “ನೋಡದೆ ಪ್ರೀತಿ ಹೇಗೆ ಬರುತ್ತೆ ಮಾವ? ಪ್ರೀತಿನೇ ಇಲ್ಲದಿದ್ರೆ ಇದನ್ನೆಲ್ಲ ಉಳಿಸೋರು ಯಾರು? ಎಲ್ಲರೂ ಮನೇಲೇ ಕೂತಿದ್ರೆ ಇಲ್ಲೊಂದು ಗಣಿ ಬಂದಿರೋದು.” ಅವನ ಮಾತಿನಲ್ಲಿ ಹುರುಳಿದೆ. ಮ್ಯೂರ್ ಬಂದು ನೋಡಿ ಬರೆದದ್ದರಿಂದಲೇ ಜಗತ್ತಿಗೆ ಈ ಕೊಲ್ಲಿಯ ಪರಿಚಯವಾಯಿತು. ವಿಲಿಯಂ ಕೂಪರ್ ಎಂಬ ಸಸ್ಯಶಾಸ್ತ್ರಜ್ಞ 1916ರಲ್ಲಿ ಬಂದು, ಬೋಳು ನೆಲದಲ್ಲಿ ಗಿಡ ಹೇಗೆ ಕಾಲೂರುತ್ತದೆ ಎಂದು ಗುರುತು ಹಾಕಿ ಅಳೆಯತೊಡಗಿದ. ಅವನೂ ಅವನ ಸಹೋದ್ಯೋಗಿಗಳೂ ಪಟ್ಟು ಹಿಡಿದದ್ದರಿಂದ 1925ರಲ್ಲಿ ಕೊಲ್ಲಿಗೆ ಸರ್ಕಾರದ ರಕ್ಷಣೆ ದೊರೆಯಿತು. 1980ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಇಂದು ದೊಡ್ಡ ಪ್ರವಾಸಿ ಹಡಗುಗಳು ದಿನಕ್ಕೆ ಎರಡಕ್ಕಿಂತ ಹೆಚ್ಚು ಬರುವಂತಿಲ್ಲ. ನೋಡಿದವರ ಪ್ರೀತಿಯಿಂದಲೇ ಇಷ್ಟೆಲ್ಲ ಆಯಿತು ಎಂಬುದನ್ನು ಅಲ್ಲಗಳೆಯಲಾರೆವು.

ಆದರೆ ಆ ರಕ್ಷಣೆಯ ಕಥೆಗೆ ಇನ್ನೊಂದು ಮಗ್ಗುಲಿದೆ. ಅದನ್ನು ತಿಳಿದ ಮೇಲೆ ಹುಡುಗನೂ ಸುಮ್ಮನಾದ.

ಆ ಕೊಲ್ಲಿ ಹೂನಾ ಟ್ಲಿಂಗಿಟ್ ಎಂಬ ಜನರ ತವರು. ಸುಮಾರು 1750ರ ಹೊತ್ತಿಗೆ ಹಿಮನದಿ ಮುನ್ನುಗ್ಗಿ ಬಂದು ಅವರ ವಾಸದ ನೆಲವನ್ನು ಒರೆಸಿಹಾಕಿತು. ಒಬ್ಬಳು ಹುಡುಗಿ ಹಿಮನದಿಯನ್ನು ನಾಯಿ ಕರೆದಂತೆ ಹಗುರವಾಗಿ ಕರೆದಳು, ಅದಕ್ಕೇ ಅದು ಬಂತು ಎಂಬುದು ಅವರ ಕಥೆ. ಜನ ಜಲಸಂಧಿಯ ಆಚೆ ಹೂನಾ ಎಂಬ ಊರಿನಲ್ಲಿ ನೆಲೆನಿಂತರು. ಹಿಮ ಹಿಂದೆ ಸರಿದಾಗ ಆ ಜಾಗಕ್ಕೆ ‘ಹಿಮನದಿ ಇದ್ದ ಕಡೆಯ ಕೊಲ್ಲಿ’ ಎಂಬರ್ಥದ ಹೆಸರಿಟ್ಟು, ಮೀನಿಗೆ, ಸೀಲು ಬೇಟೆಗೆ, ಹಣ್ಣಿಗೆ, ಗಲ್ ಎಂಬ ಕಡಲಹಕ್ಕಿಯ ಮೊಟ್ಟೆಗೆ ಮರಳಿ ಬರತೊಡಗಿದರು. ರಕ್ಷಣೆಯ ನಿಯಮಗಳು ಬಿಗಿಯಾದಂತೆ ಒಂದೊಂದೇ ಬಾಗಿಲು ಮುಚ್ಚಿತು. 1960ರ ದಶಕದ ಹೊತ್ತಿಗೆ ಮೊಟ್ಟೆ ಆಯುವುದಕ್ಕೂ ತಡೆ ಬಿತ್ತು. ನೋಡಲು ಬರುವವರಿಗೆ ಸ್ವಾಗತ, ಅಲ್ಲಿಯವರೇ ಆದವರಿಗೆ ನಿಷೇಧ.

ಆ ಜನ ಮೊಟ್ಟೆ ಆಯುತ್ತಿದ್ದ ಕ್ರಮವನ್ನು ಕೇಳಬೇಕು. ಗೂಡಿನಲ್ಲಿ ಒಂದೋ ಎರಡೋ ಮೊಟ್ಟೆಯಿದ್ದರೆ ತೆಗೆದುಕೊಳ್ಳುತ್ತಾರೆ, ಮೂರಿದ್ದರೆ ಮುಟ್ಟುವುದಿಲ್ಲ. ಗಲ್ ಹಕ್ಕಿ ಸಾಮಾನ್ಯವಾಗಿ ಮೂರು ಮೊಟ್ಟೆಯಿಡುತ್ತದೆ. ಇಡುವುದು ಮುಗಿಯುವ ಮೊದಲು ತೆಗೆದರೆ ಮತ್ತೆ ಇಟ್ಟು ತುಂಬಿಸಿಕೊಳ್ಳುತ್ತದೆ. ಮೂರಾಗಿದ್ದರೆ ಕಾವು ಶುರುವಾಗಿದೆ ಎಂದರ್ಥ. ಯಾವ ವಿಶ್ವವಿದ್ಯಾಲಯದಲ್ಲೂ ಓದದೆ ತಲೆಮಾರುಗಳಿಂದ ಅವರು ಇದನ್ನು ಅರಿತಿದ್ದರು. ಬಹಳ ವರ್ಷಗಳ ಹೋರಾಟದ ನಂತರ 2014ರಲ್ಲಿ ಅಮೆರಿಕದ ಸಂಸತ್ತು ಆ ಹಕ್ಕನ್ನು ಅವರಿಗೆ ಮರಳಿಸುವ ಕಾನೂನು ಮಾಡಿತು. 2016ರಲ್ಲಿ ಕೊಲ್ಲಿಯ ಬಾಯಲ್ಲಿರುವ ಬಾರ್ಟ್ಲೆಟ್ ಕೋವ್‌ನಲ್ಲಿ ಅವರ ಕುಲದ ಮರದ ಮನೆ ಎದ್ದಿತು. ನಾವದನ್ನು ಹೊರಗಿನಿಂದ ನೋಡಿದೆವು. ಕೈ ಹಾಕಿ ಮೊಟ್ಟೆ ತೆಗೆದವರಿಂದ ಹಕ್ಕಿಗೆ ನಷ್ಟವಾಗಲಿಲ್ಲ. ಏನನ್ನೂ ಮುಟ್ಟದೆ ‘ಬರೀ ನೋಡಲು’ ಬಂದ ನಮ್ಮಿಂದ ಒಂದು ಮರಿ ನೀರಿಗೆ ಬಿತ್ತು.

ಇಲ್ಲಿ ನಮ್ಮ ನೆನಪಿಗೆ ಬಂದದ್ದು ಊರು. ಊರು ಬಿಟ್ಟು ಬಂದ ನಾವೆಲ್ಲ ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಹೋಗುತ್ತೇವೆ, ಕಂಡದ್ದನ್ನೆಲ್ಲ ಫೋನಿನಲ್ಲಿ ತುಂಬಿಕೊಂಡು ಬರುತ್ತೇವೆ. ಒಂದು ಸಲ ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಿದ್ದ ದೊಡ್ಡಮ್ಮನ ಚಿತ್ರವನ್ನು ಬೇಲಿಯಾಚೆಯಿಂದ ತೆಗೆದೆವು. ಬಹಳ ಸಹಜವಾಗಿ ಬಂದಿದೆ ಎಂದು ಎಲ್ಲರಿಗೂ ತೋರಿಸಿದೆವು. ದೊಡ್ಡಮ್ಮ ನೋಡಿ, “ಒಂದು ಮಾತು ಹೇಳಿದ್ರೆ ಸೀರೆನಾದ್ರೂ ಬದಲಾಯಿಸ್ತಿದ್ದೆನಲ್ಲೋ” ಎಂದರು. ನಾವು ನಕ್ಕೆವು, ಅವರು ನಗಲಿಲ್ಲ. ನಮಗೆ ಸಹಜವೆನಿಸಿದ್ದು ಅವರಿಗೆ ಅವಮಾನವಾಗಿತ್ತು.

ಹಾಗಾದರೆ ಹೋಗಲೇಬಾರದಿತ್ತೇ? ಇದಕ್ಕೆ ನಮ್ಮಲ್ಲಿ ಅಚ್ಚುಕಟ್ಟಾದ ಉತ್ತರವಿಲ್ಲ. ವಿಮಾನದ ಹೊಗೆಯ ವಿಚಾರವನ್ನೂ ಯೋಚಿಸಿದೆವು. ಸಾಮಾನ್ಯ ಭಾರತೀಯನೊಬ್ಬನ ಪಾಲಿಗೆ ಇಡೀ ವರ್ಷಕ್ಕೆ ಬರುವ ಇಂಗಾಲದ ಡೈ ಆಕ್ಸೈಡು ಸುಮಾರು 2 ಟನ್. ದೆಹಲಿಯಿಂದ ಅಮೆರಿಕದ ಪಶ್ಚಿಮ ತೀರಕ್ಕೆ ಒಬ್ಬ ಹೋಗಿಬಂದರೆ ಅವನ ಪಾಲು ಅದಕ್ಕಿಂತ ಕಡಿಮೆಯೇನಲ್ಲ. ಕರಗುವ ಹಿಮವನ್ನು ನೋಡಲು, ಹಿಮ ಕರಗಿಸುವ ಹೊಗೆಯುಗುಳುತ್ತ ಹೋದೆವು. ಆದರೆ ಇದರಲ್ಲಿ ಅಗ್ಗದ ಪಶ್ಚಾತ್ತಾಪ ಬೇಡ. ಗ್ಲೇಸಿಯರ್ ಬೇಯ ಹಿಮ ಹಿಂದೆ ಸರಿಯಲು ಶುರುವಾದದ್ದು ಕಾರ್ಖಾನೆಗಳ ಹೊಗೆ ಆಕಾಶ ತುಂಬುವ ಮೊದಲೇ. ಸಮುದ್ರಕ್ಕೆ ಇಳಿಯುವ ಹಿಮನದಿಗಳಿಗೆ ತಮ್ಮದೇ ಏರಿಳಿತವೂ ಉಂಟು. ಹಾಗೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಮ್ಯೂರ್ ಹಿಮನದಿಯನ್ನು 1941ರಲ್ಲಿ ಮತ್ತು 2004ರಲ್ಲಿ ಒಂದೇ ಜಾಗದಲ್ಲಿ ನಿಂತು ತೆಗೆದ ಎರಡು ಚಿತ್ರಗಳಿವೆ. ಮೊದಲನೆಯದರಲ್ಲಿ ಚಿತ್ರದ ತುಂಬ ಹಿಮ, ಎರಡನೆಯದರಲ್ಲಿ ನೀರು ಮತ್ತು ಹಸಿರು. ಹಿಮನದಿ 7 ಮೈಲಿಗೂ ಹೆಚ್ಚು ಹಿಂದೆ ಹೋಗಿ ಕಣ್ಣಿಗೇ ಬೀಳುವುದಿಲ್ಲ. ಅಲಾಸ್ಕಾದ ಹಿಮ ಒಟ್ಟಾರೆ ಕರಗುತ್ತಿರುವುದರಲ್ಲಿ ಈಗ ಮನುಷ್ಯನ ಕೈವಾಡ ದೊಡ್ಡದು. ನಮ್ಮ ಒಂದು ಪ್ರಯಾಣದ ಪಾಲು ಅದರಲ್ಲಿ ಕಡಲಲ್ಲಿ ಉಪ್ಪಿನ ಹರಳು. ಆದರೆ ಆ ಮರಿ ನೀರಿಗೆ ಬಿದ್ದದ್ದರಲ್ಲಿ ನಮ್ಮ ಪಾಲು ಪೂರ್ತಿ. ಹೊಗೆಯ ಬಗ್ಗೆ ಭಾಷಣ ಮಾಡುವುದು ಸುಲಭ, ಏಕೆಂದರೆ ಅದರಲ್ಲಿ ಎಲ್ಲರೂ ಅಪರಾಧಿಗಳು. ಎರಡು ಸಲ ಹಾಕಿದ ಹುಟ್ಟಿನ ಬಗ್ಗೆ ಬರೆಯುವುದಕ್ಕೆ ಇಷ್ಟು ದಿನ ಬೇಕಾಯಿತು.

ನಮಗೆ ಒಂದೇ ಒಂದು ಗೊತ್ತಾಗಿದೆ. ನಾವು ನೋಡುವ ಹಕ್ಕು ಎಂದುಕೊಂಡದ್ದು ಹಕ್ಕಲ್ಲ. ದೇವಸ್ಥಾನದಲ್ಲಿ ನಾವು ಅದನ್ನು ದರ್ಶನ ಎನ್ನುತ್ತೇವೆ, ದೇವರು ದರ್ಶನ ಕೊಟ್ಟ ಎನ್ನುತ್ತೇವೆ, ಕೊಡುವವನು ಆಚೆಯವನು. ಪರದೆ ಹಾಕಿದ್ದರೆ ಕಾಯುತ್ತೇವೆ. (ಮನುಷ್ಯರನ್ನೇ ಬಾಗಿಲ ಹೊರಗೆ ನಿಲ್ಲಿಸಿದ ನಮ್ಮ ಹಳೆಯ ಪಾಪದ ಮಾತು ಇದಲ್ಲ. ಅದಕ್ಕೆ ಇದನ್ನು ಯಾರೂ ಸಮರ್ಥನೆಯಾಗಿ ಬಳಸಬಾರದು.) ಕಾಲು ಮೈಲಿ ದೂರದಿಂದ ಸೀಲು ಒಂದು ಕಪ್ಪು ಚುಕ್ಕೆಯಂತೆ ಕಾಣುತ್ತದೆ. ದುರ್ಬೀನಿನಲ್ಲಿ ನೋಡಿದರೆ ಸ್ವಲ್ಪ ದೊಡ್ಡ ಚುಕ್ಕೆ. ಅಷ್ಟಕ್ಕೆ ತೃಪ್ತಿಪಟ್ಟು ಮರಳುವವನಿಗೆ ಅಷ್ಟು ದೂರ ಹೋಗುವ ಯೋಗ್ಯತೆ ಇರಬಹುದೇನೋ. ನಮಗೆ ಆ ದಿನ ಇರಲಿಲ್ಲ. ಉಳಿದ ಎರಡು ದಿನ ಮನೆಯವರು ಮುಂದೆ ಕೂರಲಿಲ್ಲ, ಹಿಂದೆ ಕುಳಿತು ದೋಣಿಯ ದಿಕ್ಕನ್ನು ತಾವೇ ನೋಡಿಕೊಂಡರು.

ಗೈಡ್ ನಮ್ಮನ್ನು ಬೈಯಲಿಲ್ಲ ಎಂಬುದನ್ನೂ ಹೇಳಬೇಕು. ತಾಯಿ ಮತ್ತು ಮರಿ ಕೂಗಿ ಕರೆದು ಒಂದನ್ನೊಂದು ಸೇರಿಕೊಳ್ಳುವುದೇ ಹೆಚ್ಚು ಎಂದ. ಯಾವಾಗಲೂ ಸೇರುತ್ತವೆಯೇ ಎಂದು ಮನೆಯವರು ಕೇಳಿದರು. ಅವನು ಉತ್ತರ ಕೊಡದೆ ಹಗ್ಗ ಸುತ್ತುವ ಕೆಲಸಕ್ಕೆ ಹೋದ.

ಇನ್ನು ಚಿತ್ರಗಳ ವಿಷಯ. ಹುಡುಗ ತೆಗೆದ ಆ ಚಿತ್ರ ಬಹಳ ಚೆನ್ನಾಗಿ ಬಂದಿದೆ. ನೀಲಿ ಹಿಮ, ತಲೆ ಎತ್ತಿದ ತಾಯಿ, ಅದರ ಪಕ್ಕೆಯಲ್ಲಿ ಮರಿ, ಕ್ಯಾಲೆಂಡರಿಗೆ ಹಾಕುವಂತಿದೆ. ತಾಯಿ ನೇರವಾಗಿ ನಮ್ಮನ್ನೇ ನೋಡುತ್ತಿದೆ. ಕಂಡ ಮಿತ್ರರೆಲ್ಲರೂ, ಎಷ್ಟು ಪ್ರೀತಿಯಿಂದ ನೋಡುತ್ತಿದೆ ಎನ್ನುತ್ತಾರೆ. ಅದನ್ನು ಅಳಿಸಿಬಿಡೋಣವೆಂದು ನಾವು ಒಮ್ಮೆ ಅಂದೆವು, ಮನೆಯವರು ಬೇಡವೆಂದರು. ಬರುವ ತಿಂಗಳ ಕೂಟದಲ್ಲಿ ಉಳಿದ ಚಿತ್ರಗಳ ಜೊತೆ ಅದನ್ನೂ ತೋರಿಸುತ್ತೇವೆ. ಆದರೆ ಅದಾದ ಮೇಲಿನ ಖಾಲಿ ಹಿಮಗಡ್ಡೆಯ ಚಿತ್ರವೂ ಹುಡುಗನ ಹತ್ತಿರ ಇದೆಯಂತೆ, ಅದನ್ನೂ ತರಿಸಿ ಪಕ್ಕದಲ್ಲೇ ತೋರಿಸಬೇಕು ಎಂಬುದು ಅವರ ಷರತ್ತು. ಅವನಿಗೆ ಬರೆದಿದ್ದೇವೆ. ಇನ್ನೂ ಬಂದಿಲ್ಲ.